ಅಳುಮುಂಜಿ ಏನಾಗಿತ್ತು?

ಜುಲೈ 6

ಪ್ರೀತಿಯ ಅಕ್ಕ,

ಕಂಬಳಿ ಬಂತು! ಥ್ಯಾಂಕ್ಯೂ, ಥ್ಯಾಂಕ್ಯೂ, ಮೇಲೊಂದು ಥ್ಯಾಂಕ್ಯೂ! ಪೊಟ್ಟಣ ಬಿಚ್ಚುವಾಗ ಮನೆಯವರೆಲ್ಲ ಸುತ್ತ ನಿಂತಿದ್ದರು. ಎಲ್ಲರೂ ಎಂದರೆ ಇಬ್ಬರು, ನಮ್ಮತ್ತೆ ಮತ್ತು ಅವರ ಮಗ. ಅತ್ತೆ ಕಂಬಳಿಯನ್ನು ಕೆನ್ನೆಗೆ ಒತ್ತಿಕೊಂಡು, "ಯಾರಮ್ಮ ಇದನ್ನ ಕಳಿಸಿದ್ದು?" ಎಂದರು. "ನಮ್ಮ ಲ್ಯಾಬಿನ ಅಕ್ಕ. ನಂಗೆ ಪಿಪೆಟ್ ಹಿಡಿಯೋದು ಕಲಿಸಿದ್ದೇ ಅವಳು" ಎಂದೆ. "ಮದುವೆಗೆ ಬಂದಿರಲಿಲ್ವಲ್ಲ?" ಎಂದರು. ನಾನು ಕಂಬಳಿ ಮಡಿಸತೊಡಗಿದೆ.

ಒಳಗೆ ಒಂದು ಚೀಟಿಯಾದರೂ ಇರಬಹುದೆಂದು ಎರಡು ಸಲ ಕೊಡವಿ ನೋಡಿದೆ, ಅಕ್ಕ. ಇರಲಿಲ್ಲ. ಪರವಾಗಿಲ್ಲ. ಚೀಟಿಯ ಬದಲು ನಾನೇ ಕಾಗದ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜಿಗೆ ಹೆಬ್ಬೆರಳ ಗುರುತು ಕಳಿಸಿ ಕೈತೊಳೆದುಕೊಳ್ಳುತ್ತೀಯ. ಕಾಗದವನ್ನು ಯಾರೂ ಓದದೆ ಬಿಸಾಡುವುದಿಲ್ಲವಂತೆ, ನಮ್ಮ ಮಾತ್ರೆರಾಯರು ಹೇಳಿದರು.

ಮಾತ್ರೆರಾಯರು ಯಾರೆಂದು ಕೇಳುತ್ತೀಯಾ? ನನ್ನ ಗಂಡ! ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದಾನೆ. ರೋಗಿಗಳ ಡ್ರಿಪ್ಪಿಗೆ ಹಾಕುವ ಔಷಧಿಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಎರಡೆರಡು ಗವಸು ತೊಟ್ಟು ಬೆರೆಸುತ್ತಾನೆ. ಮನೆಯಲ್ಲೂ ಹಾಗೇ. ಚಹಾಕ್ಕೆ ಸಕ್ಕರೆ ಹಾಕುವಾಗ ಚಮಚವನ್ನು ಬೆಳಕಿಗೆ ಹಿಡಿದು ಮಟ್ಟ ನೋಡುತ್ತಾನೆ. ನಾನು ಹಿಂದಿನಿಂದ ಹೋಗಿ ಇನ್ನೊಂದು ಚಮಚ ಸುರಿದರೆ ಮುಖ ನೋಡಬೇಕು ನೀನು! ಅಕ್ಕ, ನಾನು ಎಷ್ಟು ಖುಷಿಯಾಗಿದ್ದೇನೆ ಎಂದರೆ ಬಸ್ಸಿನಲ್ಲಿ ಒಬ್ಬಳೇ ನಗುತ್ತೇನೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ನಲವತ್ತೇಳರ ವಿಷಯ. ನೀನು ಮೂರು ವರ್ಷ ಮಗುವಿನ ಹಾಗೆ ಸಾಕಿದ ಈಸ್ಟ್ ತಳಿ ಅದು. ಒಂದೇ ಒಂದು ಜೀನ್ ಕೆಟ್ಟಿದೆ, ನೋಡಲು ಉಳಿದ ಈಸ್ಟುಗಳಷ್ಟೇ ಗುಂಡಗಿದೆ, ಆದರೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ ಡಿಎನ್‌ಎಗೆ ಅಂಟಿಕೊಂಡರೆ ಮಾತ್ರ ತಡೆದುಕೊಳ್ಳಲಾರದೆ ಸಾಯುತ್ತದೆ ಎಂದು ನೀನು ಕಂಡುಹಿಡಿದಿದ್ದೆ. ನೀನು ನಿಮ್ಮಪ್ಪನ ಆಪರೇಷನ್ನಿಗೆ ಹೋಗಿದ್ದಾಗ ನಮ್ಮ ಲ್ಯಾಬಿನ ಮೇಷ್ಟ್ರು ಅದನ್ನೇ ನನ್ನ ಕೈಯಲ್ಲಿ ಮತ್ತೆ ಮಾಡಿಸಿದರು. ಈಸ್ಟ್ ಬೆಳೆಸುವ ನನ್ನ ತಟ್ಟೆಯಲ್ಲಿ ಅದು ಸಾಯಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಹೇಳಿದೆ. ಕಂಡದ್ದನ್ನು ಹೇಳಿದೆ, ಅಷ್ಟೇ. ನೀನು ಲ್ಯಾಬಿಗೆ ವಾಪಸ್ಸೇ ಬರಲಿಲ್ಲ, ಆ ಹಾಸ್ಟೆಲ್ ಶಾಲೆಗೆ ವಿಜ್ಞಾನದ ಟೀಚರಾಗಿ ಹೋಗಿಬಿಟ್ಟೆ. ಏಳು ತಿಂಗಳಾಯಿತು.

ಮೇಷ್ಟ್ರು ಈಗ ಅದನ್ನು ನನ್ನ ಹೆಸರಿನಲ್ಲಿ ಬರೆಸುತ್ತಿದ್ದಾರೆ. ಆ ಜೀನಿಗೂ ಔಷಧಿಗೂ ಸಂಬಂಧವಿಲ್ಲ ಎಂಬ ಲೇಖನ. ಸೆಪ್ಟೆಂಬರ್ ಕೊನೆಯಲ್ಲಿ ಪತ್ರಿಕೆಗೆ ಹೋಗುತ್ತದೆ. ಬೇರೆಯವರಿಂದ ನಿನ್ನ ಕಿವಿಗೆ ಬೀಳುವ ಬದಲು ನಾನೇ ಹೇಳೋಣ ಎನಿಸಿತು. ನಿನ್ನ ಪಿಎಚ್‌ಡಿ ನೋಂದಣಿ ಡಿಸೆಂಬರ್ ಕೊನೆಯವರೆಗೂ ಇದೆಯಂತಲ್ಲ? ಬೇರೆ ಅಧ್ಯಾಯಗಳನ್ನು ಸೇರಿಸಿಯಾದರೂ ಮುಗಿಸಿಬಿಡು, ಪ್ಲೀಸ್.

ಬೈದಾದರೂ ಸರಿ, ಎರಡು ಸಾಲು ಬರಿ.

ಕಂಬಳಿಯೊಳಗಿಂದ,
ನಿನ್ನ ಬಾಯಿಬಡುಕಿ


ಜುಲೈ 19

ಬಾಯಿಬಡುಕಿಗೆ,

ನಿನ್ನ ಕಾಗದ ತಲುಪಿತು. ಕಂಬಳಿ ಇಷ್ಟವಾದದ್ದು ಸಂತೋಷ. ಒಗೆಯುವಾಗ ಬಿಸಿನೀರು ಬೇಡ.

ಅಪ್ಪ ಚೆನ್ನಾಗಿದ್ದಾರೆ. ಇಲ್ಲಿ ಎಂಟನೇ ತರಗತಿಗೆ ಜೀವಕೋಶ ಪಾಠ ಮಾಡುತ್ತಿದ್ದೇನೆ. ಶಾಲೆಗೆ ಇರುವುದು ಒಂದೇ ಮೈಕ್ರೋಸ್ಕೋಪು, ಮಕ್ಕಳು ಮೂವತ್ತೆಂಟು. ಸಾಲು ಹಚ್ಚಿ ನಿಲ್ಲುತ್ತಾರೆ. ಕಣ್ಣಿಟ್ಟವರು ಏಳುವುದಿಲ್ಲ, ಹಿಂದಿನವರು ಬಿಡುವುದಿಲ್ಲ.

ಲೇಖನದ ವಿಷಯ ತಿಳಿಸಿದ್ದಕ್ಕೆ ಕೃತಜ್ಞಳು. ನಲವತ್ತೇಳನ್ನು ತೆಗೆದರೆ ನನ್ನ ಪ್ರಬಂಧದಲ್ಲಿ ಉಳಿಯುವುದು ಪೀಠಿಕೆ ಮಾತ್ರ. ಆದ್ದರಿಂದ ಡಿಸೆಂಬರಿನ ಮಾತು ಬೇಡ.

ನಿನ್ನ ಮದುವೆಯ ಬಗ್ಗೆ ನನಗೆ ನಿಜವಾಗಿ ಸಂತೋಷವಿದೆ.

ಅಕ್ಕ


ಆಗಸ್ಟ್ 11

ಅಕ್ಕ, ಅಕ್ಕ, ಅಕ್ಕ!

ಕೂತು ಓದು. ನಿಂತು ಓದಬೇಡ.

ಮೊನ್ನೆ ಬೆಳಿಗ್ಗೆ ನಾನು ಡಬ್ಬಿಗೆ ಊಟ ತುಂಬುತ್ತಿದ್ದೆ. ಮಾತ್ರೆರಾಯ ಹಲ್ಲುಜ್ಜುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಇವತ್ತು ಬೇಗ ಹೋಗಬೇಕು, ಸಿಸ್‌ಪ್ಲಾಟಿನ್ ಎರಡು ಚೀಲ ಬೆರೆಸಬೇಕು, ಅದು ಮಾಡಿಟ್ಟುಕೊಳ್ಳೋ ಔಷಧಿಯಲ್ಲ" ಎಂದ. ನನಗೆ ಜಂಬ. "ಅಯ್ಯೋ, ನಾನು ಡಿಎಂಎಸ್‌ಒದಲ್ಲಿ ಕರಗಿಸಿ ಫ್ರೀಜರಿನಲ್ಲಿ ಇಟ್ಟುಬಿಟ್ಟಿದೀನಪ್ಪ. ಆರು ತಿಂಗಳು ಯೋಚನೆಯಿಲ್ಲ!" ಎಂದೆ.

ಬ್ರಷ್ ಬಾಯಲ್ಲೇ ನಿಂತಿತು.

"ಯಾವುದರಲ್ಲಿ?"

"ಡಿಎಂಎಸ್‌ಒ. ನಮ್ಮ ಫ್ರಿಜ್ಜಿನಲ್ಲಿರೋ ಔಷಧಿಯೆಲ್ಲ ಅದರಲ್ಲೇ. ನೀರಲ್ಲಿ ಕರಗದೆ ಇರೋದೆಲ್ಲ ಅದರಲ್ಲಿ ಬೆಣ್ಣೆ ಥರ ಕರಗುತ್ತೆ."

ಅವನು ಬಾಯಿ ತೊಳೆದುಕೊಂಡು ಬಂದ. ಒರೆಸಿಕೊಳ್ಳಲೂ ಇಲ್ಲ. "ಕರಗುತ್ತೆ ಕಣೇ. ಕರಗಿ ಸತ್ತುಹೋಗುತ್ತೆ. ನಾವು ಅದಕ್ಕೆ ಉಪ್ಪುನೀರು ಬಿಟ್ಟು ಬೇರೇನೂ ತಾಗಿಸಲ್ಲ. ಅಲ್ಯೂಮಿನಿಯಂ ಸೂಜಿ ಕೂಡ ಬಳಸಲ್ಲ. ಒಳಗಿರೋದು ಪ್ಲಾಟಿನಮ್ಮು, ಸಿಕ್ಕಿದವರ ಕೈ ಹಿಡಿದುಬಿಡುತ್ತೆ. ನಿನ್ನ ಡಿಎಂಎಸ್‌ಒದಲ್ಲಿ ಗಂಧಕ ಇದೆ. ಅದರ ಕೈ ಹಿಡಿದಮೇಲೆ ಡಿಎನ್‌ಎ ಹತ್ತಿರ ಯಾಕೆ ಹೋಗುತ್ತೆ?"

ಅತ್ತೆ ಪಕ್ಕದಿಂದ, "ಬೆಳಗಾಗೆದ್ದು ಗಂಡ ಹೆಂಡತಿ ವಿಷದ ಮಾತೇ ಆಡ್ತೀರಲ್ಲ. ಡಬ್ಬಿ ಮುಚ್ಚಳ ಹಾಕು, ತಣ್ಣಗಾಗ್ತಿದೆ" ಎಂದರು.

ಅಕ್ಕ, ಲ್ಯಾಬಿಗೆ ಹೋಗಿ ಹುಡುಕಿದೆ. ಎಷ್ಟೋ ವರ್ಷಗಳ ಹಿಂದೆಯೇ ಯಾರೋ ಬರೆದಿದ್ದಾರೆ. ನಾವು ಯಾರೂ ಓದಿಲ್ಲ! ಔಷಧಿ ದಾರಿಯಲ್ಲೇ ಮದುವೆಯಾಗಿಬಿಡುತ್ತದೆ, ಅಕ್ಕ, ನಿನ್ನ ಡಿಎನ್‌ಎ ಮಂಟಪದಲ್ಲಿ ಕಾಯುತ್ತ ಕೂತಿರುತ್ತದೆ! ನಿನ್ನ ನೋಟ್‌ಬುಕ್ ತೆಗೆದು ನೋಡಿದೆ. ಪ್ರತಿ ಪುಟದಲ್ಲೂ "ಬೆಳಿಗ್ಗೆ ಹೊಸದಾಗಿ ಕರಗಿಸಿದ್ದು" ಎಂದಿದೆ. ಯಾವುದರಲ್ಲಿ ಎಂದು ಎಲ್ಲೂ ಇಲ್ಲ. ಉಪ್ಪುನೀರಿನಲ್ಲಿ, ಅಲ್ಲವಾ? ಹೌದು ಅನ್ನು, ಪ್ಲೀಸ್, ಹೌದು ಅನ್ನು.

ಅಂದರೆ ನಿನ್ನ ನಲವತ್ತೇಳು ಸರಿಯಿರಬಹುದು! ನನ್ನದೇ ತಪ್ಪಿರಬಹುದು! ನನ್ನ ತಪ್ಪಿಗೆ ನಾನೇ ಇಷ್ಟು ಖುಷಿಪಡುವುದನ್ನು ನೋಡಿ ಮಾತ್ರೆರಾಯ ನಗುತ್ತಿದ್ದಾನೆ. ಇಂಥ ಗಂಡನನ್ನು ಕೊಟ್ಟದ್ದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳಲಿ ಎಂದು ತಿಳಿಯದೆ ಅತ್ತೆಗೇ ಹೇಳಿದೆ. "ಹೋಗಿ ಕೆಲಸ ನೋಡು" ಎಂದರು.

ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಮೊದಲು ನಾನೇ ಸುಮ್ಮನೆ ಒಂದು ಸಲ ಮಾಡಿ ನೋಡಿಬಿಡುತ್ತೇನೆ. ಆಮೇಲೆ ನಿಧಾನವಾಗಿ ಹೇಳಿದರಾಯಿತು.

ಕುಣಿಯುತ್ತಿರುವ,
ಬಾಯಿಬಡುಕಿ


ಆಗಸ್ಟ್ 17

ಹೌದು, ಉಪ್ಪುನೀರಿನಲ್ಲಿ.

ಒಂದೇ ಪ್ರಶ್ನೆ. ನಿನ್ನ ಆ ತಟ್ಟೆಯಲ್ಲಿ ಅಳುಮುಂಜಿ ಏನಾಗಿತ್ತು?

ಅಕ್ಕ


ಸೆಪ್ಟೆಂಬರ್ 20

ಅಕ್ಕ,

ನಿನ್ನ ಕಾಗದ ಬಂದು ಒಂದು ತಿಂಗಳಾಯಿತು. ಅಡುಗೆಮನೆಯ ಗೂಡಿನಲ್ಲಿ ಚಹಾಪುಡಿ ಡಬ್ಬಿಯ ಹಿಂದೆ ಇಟ್ಟಿದ್ದೆ. ದಿನಕ್ಕೆರಡು ಸಲ ಚಹಾ ಮಾಡುವುದರಿಂದ ಎರಡು ಸಲ ಕಣ್ಣಿಗೆ ಬೀಳುತ್ತಿತ್ತು.

ಮೂರೇ ಸಾಲು ಬರೆದಿದ್ದೆ ನೀನು. ಆ ಪ್ರಶ್ನೆಯನ್ನು ಯಾರೂ ಕೇಳದಿರಲಿ ಎಂದು ನಾನು ಕಳೆದ ನವೆಂಬರಿನಿಂದ ಅಂದುಕೊಳ್ಳುತ್ತಿದ್ದೆ.

ಮಾತ್ರೆರಾಯನಿಗೆ ಅಳುಮುಂಜಿ ಎಂದರೆ ಯಾರೆಂದು ಹೇಳಬೇಕಾಯಿತು. ಡಿಎನ್‌ಎ ರಿಪೇರಿ ಮಾಡುವ ಜೀನೇ ಇಲ್ಲದ ತಳಿ, ಚೂರು ಔಷಧಿ ತಾಗಿದರೂ ಸಾಯುತ್ತದೆ, ಅದಕ್ಕೇ ಆ ಹೆಸರು, ಹೆಸರಿಟ್ಟದ್ದು ಅಕ್ಕ ಎಂದೆ. "ಹಾಗಾದರೆ ಅದನ್ನ ಯಾಕೆ ಸಾಕ್ತೀರ?" ಎಂದ. "ಪ್ರತಿ ತಟ್ಟೆಯಲ್ಲೂ ಕೊನೇ ಸಾಲು ಅದರದ್ದು. ಅದು ಸತ್ತರೆ ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ." "ಸಾಯದೆ ಇದ್ದರೆ?" ನಾನು ಚಹಾ ಸೋಸತೊಡಗಿದೆ. ಅವನು ಮತ್ತೆ ಕೇಳಲಿಲ್ಲ. ಬೆರೆಸುವ ಕೆಲಸ ಮಾಡುವವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ?

ಸಾಯಲಿಲ್ಲ, ಅಕ್ಕ. ನನ್ನ ತಟ್ಟೆಯಲ್ಲಿ ಮೂರು ಸಾಲು ಇದ್ದವು. ಮೇಲೆ ಏನೂ ಕೆಡದ ಮಾಮೂಲಿ ಈಸ್ಟು, ನಾವು ಗಟ್ಟಿಗ ಎನ್ನುತ್ತಿದ್ದೆವಲ್ಲ, ಅದು. ನಡುವೆ ನಲವತ್ತೇಳು. ಕೊನೆಗೆ ಅಳುಮುಂಜಿ. ಮೂರೂ ಒಂದೇ ಥರ ಬೆಳೆದಿದ್ದವು, ಲಕ್ಷ ಕೋಶಗಳ ಚುಕ್ಕೆಯಿಂದ ಹತ್ತು ಕೋಶಗಳ ಚುಕ್ಕೆಯವರೆಗೆ, ಐದಕ್ಕೆ ಐದು. ಅಳುಮುಂಜಿ ಬೆಳೆದದ್ದು ನೋಡಿ ತಟ್ಟೆಯನ್ನು ಬೆಳಕಿಗೆ ಹಿಡಿದೆ. ಮರುಕ್ಷಣವೇ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಳೆಯ ಸೀಸೆ, ಅಳುಮುಂಜಿಗೆ ಗಟ್ಟಿಗ ಬೆರೆತುಹೋಗಿರಬೇಕು, ತಪ್ಪು ಅದರದ್ದೇ ಎಂದು. ಸೀಸೆ ನೋಡಲಿಲ್ಲ. ಮತ್ತೆ ಮಾಡಲೂ ಇಲ್ಲ. ಮೀಟಿಂಗಿಗೆ ಚಿತ್ರ ಹಾಕುವಾಗ ಕೆಳಗಿನ ಸಾಲನ್ನು ಕತ್ತರಿಸಿದೆ. ಎರಡು ಸಾಲು ಉಳಿಯಿತು. ನೀಟಾಗಿ ಕಾಣುತ್ತಿತ್ತು. ಮೇಷ್ಟ್ರು, "ಪರವಾಗಿಲ್ಲ, ನಿನ್ನ ಕೈ ಚೆನ್ನಾಗಿದೆ" ಎಂದರು. ನಾಲ್ಕು ವರ್ಷಗಳಲ್ಲಿ ಅವರು ನನಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಅದು ಎಷ್ಟು ಸಿಹಿಯಾಗಿತ್ತೆಂದು ನಿನಗೆ ಹೇಗೆ ಹೇಳಲಿ?

ಜುಲೈಯಲ್ಲಿ "ಕಂಡದ್ದನ್ನು ಹೇಳಿದೆ, ಅಷ್ಟೇ" ಎಂದು ನಿನಗೇ ಬರೆದೆ. ಆಗಸ್ಟಿನಲ್ಲಿ ತಪ್ಪೆಲ್ಲ ಡಿಎಂಎಸ್‌ಒ ತಲೆಗೆ ಕಟ್ಟಿ ಕುಣಿದೆ. ಕಂಡದ್ದು ಮೂರು ಸಾಲು, ಹೇಳಿದ್ದು ಎರಡು. ಆ ಒಂದು ಸಾಲು ಅಲ್ಲಿ ಇದ್ದಿದ್ದರೆ ಮೀಟಿಂಗಿನಲ್ಲಿದ್ದ ಯಾರಾದರೂ, ಹೊಸಬರು ಕೂಡ, "ನಿನ್ನ ಔಷಧಿ ಸತ್ತಿದೆ" ಎನ್ನುತ್ತಿದ್ದರು. ನೀನು ಲ್ಯಾಬಿನಲ್ಲೇ ಇರುತ್ತಿದ್ದೆ.

ಗಂಡನಿಗೆ ಇದನ್ನು ಹೇಳಲು ನನಗೆ ನಾಲ್ಕು ವಾರ ಬೇಕಾಯಿತು. ಮದುವೆಯಾಗಿ ಮೂರೂವರೆ ತಿಂಗಳು, ಇನ್ನೂ ಒಬ್ಬರಿಗೊಬ್ಬರು ಒಳ್ಳೆಯದನ್ನೇ ತೋರಿಸುವ ಕಾಲ. ಅವನು ಬೈಯಲಿಲ್ಲ, ತಲೆಯನ್ನೂ ಸವರಲಿಲ್ಲ. ಪಾತ್ರೆ ಒರೆಸುತ್ತ, "ನಮ್ಮಲ್ಲಿ ತಪ್ಪಾಗಿ ಬೆರೆಸಿದರೆ ಅದೇ ಗಂಟೆಯಲ್ಲಿ ಪುಸ್ತಕದಲ್ಲಿ ಬರೀಬೇಕು. ತಪ್ಪು ಮಾಡಿದವರನ್ನ ಇಟ್ಟುಕೊಳ್ತಾರೆ. ಬರೆಯದೆ ಇದ್ದವರನ್ನ ಇಟ್ಟುಕೊಳ್ಳಲ್ಲ" ಎಂದ. ಆಮೇಲೆ, "ನಾಳೆ ನಾನೂ ಬರಲಾ, ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ?" ಎಂದ. ಬೇಡ ಎಂದೆ. ಬಂದಿದ್ದರೆ ಅಳು ಬರುತ್ತಿತ್ತು.

ನಿನ್ನೆ ಮೇಷ್ಟ್ರ ಕೋಣೆಗೆ ಹೋದೆ. ಲೇಖನದ ಕೊನೆಯ ಪ್ರತಿ ಮೇಜಿನ ಮೇಲಿತ್ತು. ಪೂರ್ತಿ ಚಿತ್ರವನ್ನು ಅದರ ಮೇಲಿಟ್ಟೆ. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. "ಈ ಕೊನೆ ಸಾಲು ಯಾವುದು?" ಎಂದರು. ಹೇಳಿದೆ. "ಇದು ನಿನಗೆ ಯಾವಾಗ ಗೊತ್ತು?" "ಮೊದಲಿಂದ, ಸರ್." ಲೇಖನವನ್ನು ಮಡಿಸಿ ಡ್ರಾಯರಿಗೆ ಹಾಕಿದರು. ನನ್ನನ್ನು ಕಳಿಸಿಯೇಬಿಡುತ್ತಾರೆ ಎಂದುಕೊಂಡೆ. ಕಿಟಕಿ ಕಡೆ ತಿರುಗಿ, "ಕೊನೇ ಸಾಲು ಎಲ್ಲಿ ಅಂತ ನಾನಾದರೂ ಕೇಳಬೇಕಿತ್ತು. ಮೂವತ್ತು ವರ್ಷದಿಂದ ಇದೇ ಕೆಲಸ. ಆ ಹುಡುಗಿಗೆ ಫೋನಲ್ಲೇ ಹೇಳಿ ಮುಗಿಸಿಬಿಟ್ಟೆ" ಎಂದರು. ಆಮೇಲೆ, "ಹೋಗು. ಅವಳು ಬರ್ತಾಳಾ ಕೇಳು. ಬಂದರೆ ಅವಳ ಕೈಯಲ್ಲೇ ಆಗಲಿ" ಎಂದರು. ನನ್ನ ಬಗ್ಗೆ ಏನು ಮಾಡುವುದೆಂದು ಆಮೇಲೆ ಯೋಚಿಸುತ್ತಾರಂತೆ.

ಸುಮ್ಮನೆ ಮಾಡಿ ನೋಡುತ್ತೇನೆ ಎಂದಿದ್ದೆನಲ್ಲ, ಮಾಡಲಿಲ್ಲ. ಅದು ನಿನ್ನದು. ನಾನು ಮುಟ್ಟುವುದಿಲ್ಲ.

ಡಿಸೆಂಬರಿಗೆ ಇನ್ನೂ ಮೂರು ತಿಂಗಳಿದೆ. ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ. ಬಾ ಎಂದಷ್ಟೇ ಬರೆಯುತ್ತೇನೆ.

ನೀನು ಆ ಪ್ರಶ್ನೆ ಕೇಳದೆ ಇದ್ದಿದ್ದರೆ ನಾನು ಇನ್ನೂ ಕುಣಿಯುತ್ತಲೇ ಇರುತ್ತಿದ್ದೆ. ಕೇಳಿದೆಯಲ್ಲ, ಅದಕ್ಕೆ ಥ್ಯಾಂಕ್ಯೂ, ಅಕ್ಕ. ಈ ಸಲ ಒಂದೇ.

ಬಾಯಿಬಡುಕಿ


ಅಕ್ಟೋಬರ್ 2

ಬಾಯಿಬಡುಕಿಗೆ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಲು ತೆಗೆದು, ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಎದ್ದು ಆಟದ ಮೈದಾನಕ್ಕೆ ಹೋದೆ. ಅಲ್ಲಿ ಯಾರೂ ಇರಲಿಲ್ಲ.

ನಿನಗೆ ಒಂದು ವಿಷಯ ತಿಳಿದಿಲ್ಲ. ನಾನು ನಿನ್ನ ಮೇಲಿನ ಸಿಟ್ಟಿನಿಂದ ಫೋನ್ ಎತ್ತದೆ ಇದ್ದೆ ಎಂದುಕೊಂಡಿದ್ದೀಯ. ಸಿಟ್ಟಿರಲಿಲ್ಲ. ಮೇಷ್ಟ್ರು ಫೋನಿನಲ್ಲಿ "ಅವಳ ಕೈಯಲ್ಲಿ ನಿನ್ನ ಫಲಿತಾಂಶ ಬರಲಿಲ್ಲ" ಎಂದಾಗ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದೆ. ಒಂದು ಮಾತೂ ವಾದ ಮಾಡಲಿಲ್ಲ. ಏಕೆಂದರೆ ನಂಬಿಬಿಟ್ಟೆ. ಮೂರು ವರ್ಷ ನನಗೆ ಬೇಕಾದದ್ದನ್ನೇ ನಾನು ತಟ್ಟೆಯಲ್ಲಿ ನೋಡಿದ್ದೇನೆ, ನನ್ನ ಕಣ್ಣೇ ಸರಿಯಿಲ್ಲ, ಕೈಯೇ ಸರಿಯಿಲ್ಲ ಎಂದುಕೊಂಡೆ. ಹಾಗೆ ಕಂಡವಳು ನಿನ್ನ ಮುಂದೆ ಹೇಗೆ ನಿಲ್ಲುವುದು? ನಿನಗೆ ಪಿಪೆಟ್ ಹಿಡಿಯಲು ಕಲಿಸಿದವಳು ನಾನು. ಮದುವೆಗೆ ಬಾರದ್ದು ಅದಕ್ಕೆ.

ಇಲ್ಲಿ ಮಕ್ಕಳು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು "ಟೀಚರ್, ಕಾಣಿಸ್ತು!" ಎಂದಾಗ, "ಸರಿಯಾಗಿ ನೋಡಿದಿಯಾ? ಇನ್ನೊಂದು ಸಲ ನೋಡು" ಎನ್ನುತ್ತೇನೆ. ಎಲ್ಲರಿಗೂ. ಪ್ರತಿ ಸಲ. ಒಬ್ಬಳು ಮೊನ್ನೆ, "ಟೀಚರ್, ನೀವು ಯಾರನ್ನೂ ನಂಬಲ್ವಾ?" ಎಂದಳು.

ನೀನು ಮಾಡಿದ್ದು ಸಣ್ಣದಲ್ಲ. ಸಣ್ಣದೆಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಆದರೆ ಯಾವುದರಲ್ಲಿ ಕರಗಿಸಿದೆ ಎಂದು ಮೂರು ವರ್ಷದ ನೋಟ್‌ಬುಕ್ಕಿನಲ್ಲಿ ನಾನು ಒಮ್ಮೆಯೂ ಬರೆಯಲಿಲ್ಲ. ನನಗೆ ಗೊತ್ತಿತ್ತು, ಹಾಗಾಗಿ ಎಲ್ಲರಿಗೂ ಗೊತ್ತೆಂದುಕೊಂಡೆ. ಅದು ನನ್ನದು.

ಹದಿನಾಲ್ಕರಿಂದ ಶಾಲೆಗೆ ಮೂರು ದಿನ ರಜೆ. ಬರುತ್ತೇನೆ. ಮೂರು ಷರತ್ತು. ಅಳುಮುಂಜಿಯನ್ನು ಫ್ರೀಜರಿನ ಮೂಲ ಸೀಸೆಯಿಂದ ತೆಗೆದು ಬೆಳೆಸಿಡು. ಔಷಧಿಯ ಹೊಸ ಪುಡಿ ತರಿಸು, ಬೆಳಕು ಬೀಳದ ಹಾಗಿಡು. ಯಾವ ಟ್ಯೂಬಿನಲ್ಲಿ ಯಾವ ತಳಿ ಎಂದು ನನಗೆ ಗೊತ್ತಾಗಬಾರದು, ಮೇಷ್ಟ್ರೇ ಗುರುತು ಹಾಕಿ ಚೀಟಿಯನ್ನು ಅವರ ಬಳಿ ಇಟ್ಟುಕೊಳ್ಳಲಿ. ಈಗಲೂ ನನಗೆ ನನ್ನ ಕಣ್ಣಿನ ಮೇಲೆ ನಂಬಿಕೆಯಿಲ್ಲ.

ಅಕ್ಕ


ಅಕ್ಟೋಬರ್ 18

ಅಕ್ಕ,

ಈ ಕಾಗದ ತಲುಪುವ ಮೊದಲೇ ಮೇಷ್ಟ್ರು ಫೋನ್ ಮಾಡಿರುತ್ತಾರೆ. ಆದರೂ ನಾನು ಬರೆದು ಕಳಿಸಬೇಕು. ನಿನ್ನ ರಜೆ ಮುಗಿದು ಬಸ್ಸು ಹತ್ತುವಾಗ ತಟ್ಟೆಗಳು ಇನ್ನೂ ಮಂಜುಮಂಜಾಗಿದ್ದವು. "ನಾಳೆ ನೀನು ನೋಡು. ನೋಡಿದ್ದನ್ನೆಲ್ಲ ಬರಿ" ಎಂದಿದ್ದೆ. ಬರೆಯುತ್ತೇನೆ.

ಹದಿನೇಳರ ಬೆಳಿಗ್ಗೆ ಹತ್ತು ಗಂಟೆ. ಇನ್‌ಕ್ಯುಬೇಟರ್ ಮೂವತ್ತು ಡಿಗ್ರಿ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು.

ಔಷಧಿ ಇಲ್ಲದ ತಟ್ಟೆಯಲ್ಲಿ ಕ, ಖ, ಗ ಮೂರು ಸಾಲೂ ಐದಕ್ಕೆ ಐದು ಚುಕ್ಕೆ. ಡಿಎಂಎಸ್‌ಒದಲ್ಲಿ ಕರಗಿಸಿದ ಔಷಧಿಯ ತಟ್ಟೆಯಲ್ಲೂ ಮೂರು ಸಾಲಿಗೂ ಐದಕ್ಕೆ ಐದು. ನನ್ನ ಹೋದ ವರ್ಷದ ತಟ್ಟೆಯೇ ಎದ್ದು ಬಂದ ಹಾಗಿತ್ತು.

ಉಪ್ಪುನೀರಿನ ತಟ್ಟೆ. ಖ ಸಾಲು, ಐದು ಚುಕ್ಕೆ, ಕೊನೆಯದು ತೆಳು. ಕ ಸಾಲು, ಏನೂ ಇಲ್ಲ. ಗ ಸಾಲು, ಲಕ್ಷದ ಚುಕ್ಕೆಯಲ್ಲಿ ಮಾತ್ರ ಮಸುಕಾಗಿ ಒಂದಿಷ್ಟು, ಮುಂದೆ ನಾಲ್ಕೂ ಖಾಲಿ.

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಮೂರು ದಿನ ಅಂಗಿ ಬದಲಾಯಿಸಿದಾಗೆಲ್ಲ ಚೀಟಿಯನ್ನೂ ಬದಲಾಯಿಸಿಕೊಂಡಿದ್ದರಂತೆ. ಖ ಗಟ್ಟಿಗ. ಕ ಅಳುಮುಂಜಿ. ಗ ನಲವತ್ತೇಳು.

ನಿನ್ನ ಕಣ್ಣು ಸರಿಯಿದೆ, ಅಕ್ಕ.

ಮೇಷ್ಟ್ರು ಸ್ಟೂಲಿನ ಮೇಲೆ ಕೂತುಬಿಟ್ಟರು. ತಟ್ಟೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದರು. "ಎಂಥಾ ಕೈ ಅವಳದ್ದು! ಚುಕ್ಕೆಗಳು ಗೆರೆ ಎಳೆದ ಹಾಗಿವೆ" ಎಂದರು. ನನಗೆ ಹೇಳಿದ್ದಲ್ಲ, ತಟ್ಟೆಗೆ ಹೇಳಿದ್ದು. ನಿನಗೆ ಹೇಳಿದರಾ ಫೋನಿನಲ್ಲಿ? ಹೇಳಿರುವುದಿಲ್ಲ, ನನಗೆ ಗೊತ್ತು. ಅದಕ್ಕೇ ಬರೆದೆ.

ಒಂದು ಮಾತು ಮುಚ್ಚಿಡಬಾರದು. ನಿನ್ನ ಹಳೆಯ ಪುಟಗಳಲ್ಲಿ ಇದೇ ಪ್ರಮಾಣಕ್ಕೆ ನಲವತ್ತೇಳರ ಮೊದಲ ಚುಕ್ಕೆಯೂ ಖಾಲಿ. ಈ ಸಲ ಮಸುಕು ಇದೆ. ನಾನೂ ಮೇಷ್ಟ್ರೂ ಇಬ್ಬರೂ ನೋಡಿದ್ದೇವೆ.

ಮೇಷ್ಟ್ರು ನನ್ನ ಬಗ್ಗೆಯೂ ತೀರ್ಮಾನ ಮಾಡಿದರು. ಲೇಖನ ಇಲ್ಲ. ಈ ವರ್ಷ ಸಮ್ಮೇಳನಕ್ಕೆ ಹೋಗುವುದಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಆ ಚಿತ್ರವನ್ನು ನಾನೇ ತೋರಿಸಿ, ನಾನೇ ಹೇಳಬೇಕು. ಲ್ಯಾಬಿನಲ್ಲಿ ಇರಬಹುದು. ಇರಬಹುದು ಎಂದದ್ದು ಕೇಳಿ ನಾನು ಅಲ್ಲೇ ಥ್ಯಾಂಕ್ಯೂ ಸರ್ ಎಂದು ಎಷ್ಟು ಸಲ ಹೇಳಿದೆನೆಂದರೆ "ಸಾಕಮ್ಮ, ಆಚೆ ನಡಿ" ಎಂದು ಗದರಿದರು.

ನೀನು ನಮ್ಮ ಮನೆಯಲ್ಲಿ ಉಳಿದುಕೊಂಡ ಎರಡು ದಿನಕ್ಕೂ ಥ್ಯಾಂಕ್ಯೂ. ಲಾಡ್ಜಿಗೆ ಹೋಗುತ್ತೇನೆಂದು ಬಾಗಿಲಲ್ಲೇ ನಿಂತಿದ್ದೆಯಲ್ಲ, ಅತ್ತೆ ನಿನ್ನ ಚೀಲ ಕಸಿದುಕೊಂಡು ಒಳಗಿಟ್ಟರಲ್ಲ, ಆಗ ನಿನ್ನ ಮುಖದಲ್ಲಿ ಅರ್ಧ ನಗು ಬಂದಿತ್ತು, ನೋಡಿದೆ. ನೀನೂ ಮಾತ್ರೆರಾಯನೂ ಊಟದ ಮೇಜಿನಲ್ಲಿ ಉಪ್ಪುನೀರಿನ ಬಗ್ಗೆ ಒಂದೂವರೆ ಗಂಟೆ ಮಾತಾಡಿದಿರಿ. ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನನ್ನ ಜೊತೆ ನೀನು ಬೇಕಾದಷ್ಟೇ ಮಾತಾಡಿದೆ: "ಟಿಪ್ ಕೊಡು", "ಮುಚ್ಚಳ", "ಟೈಮ್ ಎಷ್ಟು". ನಾನು ಕೊಟ್ಟೆ, ಹಿಡಿದೆ, ಹೇಳಿದೆ. ಅದೂ ಸಾಕಾಗಿತ್ತು.

ನಿನ್ನ,
ಬಾಯಿಬಡುಕಿ


ನವೆಂಬರ್ 9

ಬಾಯಿಬಡುಕಿಗೆ,

ನೀನು ನೋಡಿದ್ದನ್ನೆಲ್ಲ ಬರೆದಿದ್ದೀಯ. ಆ ಮಸುಕನ್ನೂ ಬರೆದಿದ್ದೀಯ. ಅದನ್ನು ಬಿಟ್ಟಿದ್ದರೆ ಉಳಿದದ್ದನ್ನು ನಾನು ನಂಬುತ್ತಿರಲಿಲ್ಲ. ನನ್ನ ಹಳೆಯ ಸಂಖ್ಯೆಗಿಂತ ಪರಿಣಾಮ ಸ್ವಲ್ಪ ಕಡಿಮೆ ಎಂದೇ ಪ್ರಬಂಧದಲ್ಲಿ ಹಾಕುತ್ತಿದ್ದೇನೆ. ಜೀನ್ ಕೆಟ್ಟರೆ ಈಸ್ಟು ದುರ್ಬಲವಾಗುತ್ತದೆ ಎನ್ನುವುದು ಉಳಿಯುತ್ತದೆ. ಅಷ್ಟು ಸಾಕು.

ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು. ಅವರು ಕಟ್ಟಿಕೊಟ್ಟ ಊಟವನ್ನು ಬಸ್ಸಿನಲ್ಲಿ ಪಕ್ಕದವರಿಗೂ ಕೊಟ್ಟೆ. ನಿನ್ನ ಗಂಡನಿಗೆ ಕೃತಜ್ಞತೆಯ ಪುಟದಲ್ಲಿ ಒಂದು ವಾಕ್ಯ ಬರೆದಿದ್ದೇನೆ. ಮೇಷ್ಟ್ರಿಗೂ ಅಪ್ಪನಿಗೂ ತಲಾ ಒಂದು.

ಅದೇ ಪುಟದಲ್ಲಿ ನಿನಗೂ ಬರೆಯೋಣವೆಂದು ಕೂತೆ. ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿದೆ. ಥ್ಯಾಂಕ್ಸ್ ಎಂದರೆ ಸುಳ್ಳಾಗುತ್ತದೆ, ಬಿಟ್ಟರೂ ಸುಳ್ಳಾಗುತ್ತದೆ. ಒಂದು ವರ್ಷ ನಾನು ನನ್ನ ಕೈಯನ್ನೇ ನಂಬದಂತೆ ಮಾಡಿದವಳು ನೀನು. ಕೇಳಿದ ಮೇಲೆ, ಮನೆ, ಗಂಡ, ಒಳ್ಳೆಯ ಹೆಸರು ಎಲ್ಲ ಹೊಸದಾಗಿರುವಾಗ, ಮೇಷ್ಟ್ರ ಮೇಜಿನ ಮೇಲೆ ಪೂರ್ತಿ ಚಿತ್ರ ಇಟ್ಟವಳೂ ನೀನೇ. ಎರಡನ್ನೂ ಹಿಡಿಯುವ ವಾಕ್ಯ ನನಗೆ ಸಿಗಲಿಲ್ಲ.

ಹಾಗಾಗಿ ಬೇರೆ ಕಡೆ ಜಾಗ ಮಾಡಿದ್ದೇನೆ. ಐದನೇ ಅಧ್ಯಾಯ ಔಷಧಿಯನ್ನು ಯಾವುದರಲ್ಲಿ ಕರಗಿಸಬೇಕು, ಯಾವುದರಲ್ಲಿ ಕರಗಿಸಬಾರದು ಎಂಬುದರ ಬಗ್ಗೆ. ನಾವು ಬೇಕೆಂದೇ ಮಾಡಿದ ಡಿಎಂಎಸ್‌ಒ ತಟ್ಟೆ ಅಲ್ಲಿದೆ. ಆದರೆ ಅದಕ್ಕಿಂತ ನಿನ್ನ ಹೋದ ನವೆಂಬರಿನ ತಟ್ಟೆ ಮುಖ್ಯ, ಏಕೆಂದರೆ ಅದು ಗೊತ್ತಿಲ್ಲದೆ ಆದದ್ದು. ಗೊತ್ತಿಲ್ಲದೆ ಹೀಗೆ ಮಾಡುತ್ತಿರುವವರು ಇನ್ನೂ ಎಷ್ಟು ಲ್ಯಾಬುಗಳಲ್ಲಿ ಇದ್ದಾರೋ. ಅವರು ಓದಬೇಕು. ಮೂರು ಸಾಲೂ ಇರುವ ಚಿತ್ರ, ಅದರ ಕೆಳಗೆ ನಡೆದದ್ದರ ಎರಡು ವಾಕ್ಯ, ಪ್ರಯೋಗ ಮಾಡಿದವರು ಎಂದು ನಿನ್ನ ಪೂರ್ತಿ ಹೆಸರು. ಕತ್ತರಿಸಿದ ವಿಷಯವೂ ಆ ಎರಡು ವಾಕ್ಯದಲ್ಲಿ ಇರುತ್ತದೆ. ಅದಿಲ್ಲದೆ ಬರೆದರೆ ಮೀಟಿಂಗಿನಲ್ಲಿ ಯಾರೂ ಏಕೆ ಹಿಡಿಯಲಿಲ್ಲ ಎಂದು ಓದುವವರಿಗೆ ತಿಳಿಯುವುದಿಲ್ಲ.

ಒಮ್ಮೆ ಅಚ್ಚಾದರೆ ಲೈಬ್ರರಿಯಲ್ಲಿ ಶಾಶ್ವತವಾಗಿ ಇರುತ್ತದೆ. ನಿನ್ನ ಮಕ್ಕಳೂ ಓದಬಹುದು. ಬೇಡವೆಂದರೆ ಹೆಸರಿಲ್ಲದೆ ಹಾಕುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಡಿಸೆಂಬರ್ ಹತ್ತಕ್ಕೆ ಬೈಂಡಿಂಗಿಗೆ ಕೊಡಬೇಕು. ಗಂಡನನ್ನೂ ಕೇಳಿ ಯೋಚಿಸಿ ಬರಿ.

ಪ್ರೀತಿಯಿಂದ,
ಅಕ್ಕ


ನವೆಂಬರ್ 14

ಅಕ್ಕ,

ಯಾರನ್ನೂ ಕೇಳಲಿಲ್ಲ. ಬರಿ.

ಮೂಲ ಚಿತ್ರ ಇದರ ಜೊತೆಗಿದೆ, ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದೇನೆ. ಹಿಂದುಗಡೆ ತಾರೀಖು, ಔಷಧಿಯ ಪ್ರಮಾಣ, ಡಿಎಂಎಸ್‌ಒ ಎಷ್ಟು, ಫ್ರೀಜರಿನಲ್ಲಿ ಎಷ್ಟು ದಿನ ಇತ್ತು, ಎಲ್ಲ ಬರೆದಿದ್ದೇನೆ. ನಿನ್ನ ಎರಡು ವಾಕ್ಯ ಸಾಲದಿದ್ದರೆ ಮೂರು ಬರಿ. "ತಿಳಿದೂ ಕತ್ತರಿಸಿದರು" ಎಂದು ಬೇಕಾದರೂ ಹಾಕು, ಅದೇ ಸರಿಯಾದ ಪದ.

ನೀನು ಕೊನೆಯಲ್ಲಿ "ಪ್ರೀತಿಯಿಂದ" ಎಂದು ಬರೆದದ್ದನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಹೇಳಿದರೆ ನೀನು ಮುಂದಿನ ಕಾಗದದಲ್ಲಿ ಅದನ್ನು ತೆಗೆದುಬಿಡುತ್ತೀಯ.

ಲಕೋಟೆ ಅಂಟಿಸುವಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು.

"ಏನೇ ಅದು, ಇಷ್ಟು ದಪ್ಪ?"

"ಅಕ್ಕನ ಪುಸ್ತಕಕ್ಕೆ ಅತ್ತೆ. ಅದರಲ್ಲಿ ನನ್ನ ಹೆಸರೂ ಬರುತ್ತೆ."

"ಹೌದಾ! ಒಳ್ಳೆ ಕೆಲಸ ಮಾಡಿದ್ದಕ್ಕಾ?"

"ಅಲ್ಲ ಅತ್ತೆ. ಕೆಟ್ಟ ಕೆಲಸ ಮಾಡಿದ್ದಕ್ಕೆ."

ಅತ್ತೆ ಲಕೋಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ವಿಳಾಸ ಓದಿದರು. ಆಮೇಲೆ ಮೂಲೆ ಸರಿಯಾಗಿ ಅಂಟಿರಲಿಲ್ಲವೆಂದು ಹೆಬ್ಬೆರಳಿನಿಂದ ಒತ್ತಿ, "ಹಾಗಾದರೆ ರಿಜಿಸ್ಟರ್ ಮಾಡಿ ಕಳಿಸು. ಇಂಥದ್ದು ದಾರಿಯಲ್ಲಿ ಕಳೆದುಹೋಗಬಾರದು" ಎಂದರು.

ಮಾಡಿಸಿ ಬಂದೆ. ರಸೀದಿ ನನ್ನ ಬಳಿ ಇದೆ. ತಲುಪಿದ ತಕ್ಷಣ ತಿಳಿಸು, ಅಕ್ಕ.

ಎಂದೆಂದಿಗೂ ಋಣಿ,
ಬಾಯಿಬಡುಕಿ